ಕಡಲಾಮೆಯ ಊರು

ಕಾರವಾರದ ಕಡಲತಡಿಯಲ್ಲಿ ಸಂಜೆ ಆರು ಗಂಟೆಯಾಗಿ ಸೂರ್ಯನು ನೀರಿನಂಚಿಗೆ ಇಳಿಯುವ ಹೊತ್ತಿಗೆ, ಭೂಗೋಳದ ಇನ್ನೊಂದು ಪಾರ್ಶ್ವದಲ್ಲಿರುವ ಮಸುಂತೆ ಎಂಬ ಹಳ್ಳಿಯಲ್ಲಿ ಬೆಳಗಿನ ಆರೂವರೆ ಗಂಟೆಯಾಗಿರುತ್ತದೆ. ಇಲ್ಲಿ ಮುಳುಗುವ ಸೂರ್ಯನಿಗಾಗಿ ಅಲ್ಲಿಯವರು ಕಾದಿರುತ್ತಾರೆ. ಮಸುಂತೆ ಇರುವುದು ಮೆಕ್ಸಿಕೋ ದೇಶದ ದಕ್ಷಿಣ ಭಾಗದ ವಹಾಕಾ ರಾಜ್ಯದಲ್ಲಿ, ಪೆಸಿಫಿಕ್ ಮಹಾಸಾಗರದ ತೀರದಲ್ಲಿ. ಕಾರವಾರಕ್ಕೂ ಮಸುಂತೆಗೂ ಅಕ್ಷಾಂಶದಲ್ಲಿ ಒಂದು ಡಿಗ್ರಿಯ ಅಂತರವೂ ಇಲ್ಲ. ಆದುದರಿಂದಲೇ ಅಲ್ಲಿಯೂ ತೆಂಗು ಬೆಳೆಯುತ್ತದೆ, ಬಾಳೆ ಗೊನೆ ಬಿಡುತ್ತದೆ, ಮಾವು ಹೂವಾಗುತ್ತದೆ. ನಮ್ಮ ಕರಾವಳಿಯ ಹುಡುಗನೊಬ್ಬನನ್ನು ಕಣ್ಣು ಕಟ್ಟಿ ಅಲ್ಲಿಗೆ ಕರೆದೊಯ್ದು ಬಿಟ್ಟರೆ, ಅಂಗಳದ ಮರಗಳನ್ನು ಕಂಡು ಅದನ್ನು ತನ್ನ ಊರೆಂದೇ ಭ್ರಮಿಸಿಯಾನು. ಜನರ ಮಾತು ಕಿವಿಗೆ ಬಿದ್ದಾಗ ಮಾತ್ರ ಬೆರಗಾದಾನು. ಅವರ ಆಡುಮಾತು ಸ್ಪ್ಯಾನಿಷ್. ಹಿಂದಿನ ಬೆಟ್ಟಸೀಮೆಯ ಜನರಲ್ಲಿ ಸಾಪೊತೆಕ್ ಎಂಬ ಪ್ರಾಚೀನ ಭಾಷೆಯೂ ಬಳಕೆಯಲ್ಲಿದೆ.

ಉತ್ತರಕ್ಕೆ ಕಾಡು ಕವಿದ ಗುಡ್ಡಗಳು, ದಕ್ಷಿಣಕ್ಕೆ ಎಲ್ಲೆಯಿಲ್ಲದ ಕಡಲು, ನಡುವೆ ಅರ್ಧಚಂದ್ರಾಕೃತಿಯ ಮರಳು ದಂಡೆ. ಇವುಗಳ ಮಧ್ಯೆ ಹಬ್ಬಿಕೊಂಡಿರುವ ಒಂದು ಬೀದಿ ಮತ್ತು ಕೆಲವು ಓಣಿಗಳೇ ಮಸುಂತೆ. ಬಹುಪಾಲು ಮನೆಗಳ ಮುಂದೆ ತಾಳೆಗರಿ ಹೊದಿಸಿದ ಚಪ್ಪರಗಳಿವೆ. ಸಂತೆಗೆ, ಆಸ್ಪತ್ರೆಗೆ, ಬ್ಯಾಂಕಿನ ವ್ಯವಹಾರಕ್ಕೆ ಜನರು ಒಳನಾಡಿನ ಪೊಚೂತ್ಲಾ ಪಟ್ಟಣಕ್ಕೆ ಹೋಗಬೇಕು. ಊರಿನ ಪಶ್ಚಿಮಕ್ಕೆ ಪುಂತಾ ಕೊಮೇತಾ ಎಂಬ ಬಂಡೆಯ ಭೂಶಿರವು ಕಡಲಿನೊಳಕ್ಕೆ ಚಾಚಿಕೊಂಡಿದೆ. ನೋಡುವುದಕ್ಕೆ ಇದು ಕರಾವಳಿಯ ನೂರು ಹಳ್ಳಿಗಳಲ್ಲಿ ಒಂದು. ಆದರೆ ಈ ಹಳ್ಳಿಯ ಬಾಳಿನ ಕಥೆ ಅಷ್ಟು ಸಾಮಾನ್ಯವಾದುದಲ್ಲ.

ಮಸುಂತೆಯ ವರ್ಷವು ಎರಡು ಪಾಲಾಗಿದೆ: ಮಳೆಯ ಪಾಲು, ಅತಿಥಿಗಳ ಪಾಲು. ಮೇ ತಿಂಗಳ ಕೊನೆಯಿಂದ ಅಕ್ಟೋಬರ್‌ವರೆಗೆ ಮಳೆ ಸುರಿಯುತ್ತದೆ, ಗುಡ್ಡಗಳು ಹಸುರಾಗುತ್ತವೆ, ದಾರಿಗಳು ಕೆಸರಾಗುತ್ತವೆ. ಜುಲೈ, ಆಗಸ್ಟ್ ತಿಂಗಳುಗಳ ಶಾಲಾ ರಜೆಯಲ್ಲಿ ಒಂದಿಷ್ಟು ಕುಟುಂಬಗಳು ಬಂದು ಹೋಗುವುದನ್ನು ಬಿಟ್ಟರೆ ಬೀದಿ ಬರಿದಾಗಿರುತ್ತದೆ. ನವೆಂಬರ್ ತಿಂಗಳಲ್ಲಿ ಆಕಾಶ ತಿಳಿಯಾಗುತ್ತದೆ. ಡಿಸೆಂಬರ್ ನಡುವಿನಲ್ಲಿ ಕ್ರಿಸ್ತ ಜಯಂತಿಯ ಸಿದ್ಧತೆಯೊಡನೆ ಅತಿಥಿಗಳ ಕಾಲ ಆರಂಭವಾಗುತ್ತದೆ. ಮೊದಲು ಬರುವವರು ಸ್ವದೇಶದ ನಗರವಾಸಿಗಳು. ಜನವರಿ, ಫೆಬ್ರವರಿಗಳಲ್ಲಿ ಹಿಮದಿಂದ ತಪ್ಪಿಸಿಕೊಂಡು ಕೆನಡಾ, ಅಮೆರಿಕ, ಯುರೋಪು ದೇಶಗಳವರು ಬರುತ್ತಾರೆ. ಈಸ್ಟರ್ ಹಬ್ಬದ ಪವಿತ್ರ ವಾರದಲ್ಲಿ ಮತ್ತೆ ಸ್ವದೇಶೀಯರ ಮಹಾಪೂರ. ಆ ವಾರ ಕಳೆಯಿತೆಂದರೆ ಜಾತ್ರೆ ಮುಗಿದ ಮೈದಾನದಂತೆ ಊರು ಮೌನವಾಗುತ್ತದೆ. ಈ ನಾಲ್ಕು ತಿಂಗಳುಗಳಲ್ಲಿ ದುಡಿದುದನ್ನೇ ನೆಚ್ಚಿ ಉಳಿದ ಎಂಟು ತಿಂಗಳನ್ನು ದಾಟಿಸಬೇಕಾದ ಕುಟುಂಬಗಳು ಅಲ್ಲಿ ಅನೇಕ.

ಋತುವಿನ ದಿನವು ನಸುಕಿನಲ್ಲಿಯೇ, ಅಡುಗೆಮನೆಯಲ್ಲಿ ಪ್ರಾರಂಭವಾಗುತ್ತದೆ. ಹಿಂದಿನ ರಾತ್ರಿ ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸಿ ನೆನೆಯಲು ಇಟ್ಟಿರುತ್ತಾರೆ. ಬೆಳಿಗ್ಗೆ ಅದನ್ನು ತೊಳೆದು, ಸಿಪ್ಪೆ ಕಳೆದು, ಗಿರಣಿಗೆ ಒಯ್ದು ಹಿಟ್ಟಿನ ಮುದ್ದೆ ಮಾಡಿಸುತ್ತಾರೆ. ಗಿರಣಿ ಬರುವುದಕ್ಕೆ ಮುಂಚೆ ಈ ಕೆಲಸವು ಅರೆಯುವ ಕಲ್ಲಿನ ಮೇಲೆ ಹೆಂಗಸರ ತೋಳ್ಬಲದಿಂದ ನಡೆಯುತ್ತಿತ್ತು. ಮುದ್ದೆಯನ್ನು ತಟ್ಟಿ ಹೆಂಚಿನ ಮೇಲೆ ಬೇಯಿಸಿದ ತೆಳು ರೊಟ್ಟಿಯೇ ‘ತೊರ್ತಿಯಾ’. ಸುಣ್ಣದ ಈ ಸಂಸ್ಕಾರವು ಬರಿಯ ರುಚಿಗಾಗಿ ಅಲ್ಲ. ಮೆಕ್ಕೆಜೋಳದಲ್ಲಿರುವ ನಯಾಸಿನ್ ಎಂಬ ಜೀವಸತ್ವವು ಸುಣ್ಣದಿಂದಲೇ ಬಿಡುಗಡೆಯಾಗಿ ದೇಹಕ್ಕೆ ದಕ್ಕುತ್ತದೆ. ಮೆಕ್ಕೆಜೋಳವನ್ನು ಹೊರನಾಡುಗಳಿಗೆ ಒಯ್ದವರು ಈ ವಿಧಾನವನ್ನು ಒಯ್ಯಲಿಲ್ಲ. ಆದುದರಿಂದ ಅದನ್ನೇ ಮುಖ್ಯ ಆಹಾರವಾಗಿ ತಿಂದ ಕೆಲವು ದೇಶಗಳ ಬಡವರು ಪೆಲಾಗ್ರ ಎಂಬ ಕಠಿಣ ರೋಗಕ್ಕೆ ತುತ್ತಾದರು. ಅಕ್ಷರ ಕಲಿಯದ ಅಜ್ಜಿಯರ ಕೈಯಲ್ಲಿ ಎಂತಹ ಶಾಸ್ತ್ರವು ಅಡಗಿರುತ್ತದೆ ಎಂಬುದಕ್ಕೆ ಇದೊಂದು ನಿದರ್ಶನ. ರೊಟ್ಟಿಯ ಜೊತೆಗೆ ಬೇಯಿಸಿದ ಹುರುಳಿಕಾಯಿಯ ಕಪ್ಪು ಬೀಜ, ಮೀನು, ಟೊಮೆಟೊ ಮತ್ತು ಹಸಿಮೆಣಸಿನಕಾಯಿಯ ಚಟ್ನಿ. ಮೆಣಸಿನಕಾಯಿಯೂ ಮೆಕ್ಕೆಜೋಳವೂ ಮೂಲತಃ ಆ ನೆಲದ ಬೆಳೆಗಳೇ. ಹದಿನಾರನೆಯ ಶತಮಾನದಿಂದೀಚೆಗೆ ಹಡಗುಗಳನ್ನೇರಿ ಬಂದು ಅವು ನಮ್ಮ ಬ್ಯಾಡಗಿಯವರೆಗೂ ಬೇರೂರಿದವು. ನಗರದ ಅತಿಥಿಯು ಎಂಟು ಗಂಟೆಗೆ ಎದ್ದು ಬಂದು ಚಪ್ಪರದಡಿ ಕುಳಿತಾಗ ಬಿಸಿಬಿಸಿಯಾದ ರೊಟ್ಟಿ ಅವನ ಮುಂದಿರುತ್ತದೆ. ಅದರ ಹಿಂದಿನ ಐದು ಗಂಟೆಯ ದುಡಿಮೆ ಅವನಿಗೆ ಕಾಣುವುದಿಲ್ಲ.

ಅದೇ ವೇಳೆಗೆ ಬೆಸ್ತರು ಕಡಲಿನಿಂದ ಹಿಂದಿರುಗುತ್ತಾರೆ. ಅಲ್ಲಿ ದೋಣಿ ಕಟ್ಟುವ ಧಕ್ಕೆಯಿಲ್ಲ. ದೋಣಿಯವನು ಅಲೆಯ ಬೆನ್ನನ್ನು ಕಾದು, ಯಂತ್ರವನ್ನು ಪೂರ್ಣ ವೇಗಕ್ಕೆ ತಂದು, ದೋಣಿಯನ್ನು ಬಾಣದಂತೆ ದಡಕ್ಕೆ ನುಗ್ಗಿಸುತ್ತಾನೆ. ಅದು ಮರಳಿನ ಮೇಲೆ ಜಾರುತ್ತ ಬಂದು ನಿಲ್ಲುತ್ತದೆ. ದಡದಲ್ಲಿದ್ದವರೆಲ್ಲ ಕೂಡಿ ಅದನ್ನು ಮೇಲಕ್ಕೆ ದೂಡುತ್ತಾರೆ. ಮೀನಿನ ಬುಟ್ಟಿಗಳು ಇಳಿಯುತ್ತಲೇ ಊಟದ ಮನೆಗಳವರು ಸುತ್ತುಗಟ್ಟುತ್ತಾರೆ. ದೋಣಿಯನ್ನು ತೊಳೆದು, ಆಸನದ ಹಲಗೆಗಳನ್ನು ಜೋಡಿಸಿ, ಬೆಸ್ತನು ಈಗ ಮಾರ್ಗದರ್ಶಿಯಾಗುತ್ತಾನೆ. ಒಂಬತ್ತು ಗಂಟೆಗೆ ಅದೇ ದೋಣಿ ಅತಿಥಿಗಳನ್ನು ಹೊತ್ತು ಮತ್ತೆ ಕಡಲಿಗಿಳಿಯುತ್ತದೆ. ಅವರು ಡಾಲ್ಫಿನ್‌ಗಳ ಹಿಂಡನ್ನು ಕಂಡು ಹರ್ಷಿಸುತ್ತಾರೆ. ಚಳಿಗಾಲದಲ್ಲಿ ಉತ್ತರದ ತಣ್ಣನೆಯ ನೀರಿನಿಂದ ವಲಸೆ ಬಂದ ತಿಮಿಂಗಿಲಗಳನ್ನು ಕಂಡು ಬೆರಗಾಗುತ್ತಾರೆ. ಅಲೆಗಳ ನಡುವೆ ತೇಲುತ್ತಿರುವ ಕಡಲಾಮೆಯು ಕಣ್ಣಿಗೆ ಬಿದ್ದಾಗ ದೋಣಿಯವನು ಯಂತ್ರವನ್ನು ನಿಲ್ಲಿಸಿ, ಧ್ವನಿ ತಗ್ಗಿಸಿ, ಬೆರಳು ಮಾಡಿ ತೋರಿಸುತ್ತಾನೆ.

ಮಧ್ಯಾಹ್ನದ ಬಿಸಿಲಿಗೆ ಊರಿನ ಬೀದಿ ತುಂಬಿ ತುಳುಕುತ್ತದೆ. ಹಿಂಬದಿಗೆ ಬೆಂಚುಗಳನ್ನು ಹಾಕಿ ಮೇಲೆ ಟಾರ್ಪಾಲು ಹೊದಿಸಿದ ಸಣ್ಣ ಟ್ರಕ್ಕುಗಳು ಪೊಚೂತ್ಲಾದಿಂದ ಜನರನ್ನೂ ತರಕಾರಿ ಬುಟ್ಟಿಗಳನ್ನೂ ಒಟ್ಟಿಗೆ ಹೊತ್ತು ತರುತ್ತವೆ. ಮನೆಯ ಒಂದು ಕೋಣೆಯನ್ನು ಬಾಡಿಗೆಗೆ ಕೊಟ್ಟು ಮನೆಯವರೆಲ್ಲ ಹಿತ್ತಲಿನ ಚಪ್ಪರದಲ್ಲಿ ಮಲಗುವುದುಂಟು. ಕೋಣೆಗೆ ಹಣ ಸಾಲದ ಯುವಕರಿಗೆ ಬಲೆಯ ಜೋಲಿಗಳು ಬಾಡಿಗೆಗೆ ಸಿಗುತ್ತವೆ. ಕ್ರಿಸ್ತ ಜಯಂತಿಗೂ ಈಸ್ಟರಿಗೂ ಶಾಲೆಗಳಿಗೆ ರಜೆಯಿರುವುದರಿಂದ ಮಕ್ಕಳು ಎಳನೀರು, ಕತ್ತರಿಸಿದ ಮಾವಿನಕಾಯಿಗಳನ್ನು ಮಾರುತ್ತ ಮರಳಿನ ಮೇಲೆ ನಡೆದಾಡುತ್ತಾರೆ. ಆದರೆ ಈ ಸಡಗರದ ಒಳಗೇ ಒಂದು ವಿಪರ್ಯಾಸವಿದೆ. ಅತಿಥಿಗಳು ಬರುವ ಕಾಲವೇ ಮಳೆಯಿಲ್ಲದ ಕಾಲ. ಬಾವಿಗಳು ತಗ್ಗುವ ತಿಂಗಳುಗಳಲ್ಲಿಯೇ ನೀರಿನ ಖರ್ಚು ಹಲವು ಪಟ್ಟು ಹೆಚ್ಚುತ್ತದೆ. ಲಾರಿಗಳಲ್ಲಿ ನೀರು ತರಿಸಿ ತೊಟ್ಟಿ ತುಂಬಿಸಬೇಕಾಗುತ್ತದೆ. ಸ್ನಾನದ ಮನೆಯಲ್ಲಿ ನೀರು ಸುರಿಯುತ್ತಿರುವ ಸದ್ದನ್ನು ಕೇಳಿ ಮನೆಯೊಡತಿ ಒಳಗೊಳಗೇ ಲೆಕ್ಕ ಹಾಕುತ್ತಾಳೆ. ಹೊರಗೆ ಮಾತ್ರ ನಗುಮುಖವನ್ನೇ ತೋರುತ್ತಾಳೆ.

ಸಂಜೆಯಾಗುತ್ತಲೇ ಜನಪ್ರವಾಹವು ಪುಂತಾ ಕೊಮೇತಾದ ಕಡೆಗೆ ಹರಿಯುತ್ತದೆ. ಬಂಡೆಗಳ ಮೇಲೆ ಕುಳಿತು ಅವರೆಲ್ಲ ಸೂರ್ಯಾಸ್ತವನ್ನು ನೋಡುತ್ತಾರೆ. ಆದರೆ ಆ ತೀರದ ಸಂಜೆಯ ನಿಜವಾದ ಹಬ್ಬವು ಕೆಳಗೆ, ಮರಳಿನ ಮೇಲೆ ನಡೆಯುತ್ತದೆ. ಕಾಪಿಟ್ಟ ಗೂಡುಗಳಿಂದ ಹೊರಬಂದ ಕಡಲಾಮೆಯ ಮರಿಗಳನ್ನು ತಂದು ಅಲೆಗಳಿಂದ ಕೆಲವು ಮಾರು ದೂರದಲ್ಲಿ ಬಿಡುತ್ತಾರೆ. ಅಂಗೈಯಲ್ಲಿ ಅಡಗುವಷ್ಟು ಪುಟ್ಟ ಮರಿಗಳು ಮುಗ್ಗರಿಸುತ್ತ, ಏಳುತ್ತ, ಕಡಲಿನತ್ತ ತೆವಳುತ್ತವೆ. ಕೈಯಿಂದ ಮುಟ್ಟಬಾರದು, ದೀಪ ಹಚ್ಚಬಾರದು ಎಂದು ಊರಿನ ತರುಣರು ಅತಿಥಿಗಳಿಗೆ ಎಚ್ಚರಿಸುತ್ತಾರೆ. ಅಲೆಯೊಂದು ಬಂದು ಮರಿಯನ್ನು ಎತ್ತಿಕೊಂಡು ಹೋದಾಗ ನೆರೆದವರೆಲ್ಲರ ಬಾಯಿಂದ ಒಂದೇ ಉದ್ಗಾರ ಹೊರಡುತ್ತದೆ.

ಇಂತಹ ಸಂಜೆಗಳಲ್ಲಿ ದೂರದಲ್ಲಿ ಕುಳಿತ ಮುದುಕನ ಬಳಿಗೆ ಮೊಮ್ಮಗಳೊಬ್ಬಳು ಓಡಿಬಂದು, “ಅಜ್ಜಾ, ನೀನೂ ಹೀಗೆ ಮರಿಗಳನ್ನು ಬಿಡುತ್ತಿದ್ದೆಯಾ?” ಎಂದು ಕೇಳಿದರೆ ಅವನು ಏನೆಂದು ಉತ್ತರಿಸಬೇಕು? “ಇಲ್ಲ ಮಗೂ, ನಾವು ಅವುಗಳ ತಾಯಂದಿರನ್ನು ಕೊಲ್ಲುತ್ತಿದ್ದೆವು” ಎನ್ನುವುದೇ ನಿಜವಾದ ಉತ್ತರ.

ಮಸುಂತೆಯು ಊರಾಗಿ ಬೆಳೆದುದೇ ಆಮೆಯ ಬೇಟೆಯಿಂದ. ೧೯೬೦ರ ದಶಕದಲ್ಲಿ ಕಡಲಾಮೆಯ ಚರ್ಮಕ್ಕೆ ಹೊರದೇಶಗಳಲ್ಲಿ ಬೇಡಿಕೆ ಹೆಚ್ಚಿತು. ನೆರೆಯ ಸಾನ್ ಅಗುಸ್ತಿನಿಯೊ ತೀರದಲ್ಲಿ ಕಸಾಯಿಖಾನೆ ಎದ್ದಿತು. ಸುತ್ತಲಿನ ಬೆಟ್ಟಗಳಿಂದ ಬಡಕುಟುಂಬಗಳು ಕೆಲಸ ಹುಡುಕಿಕೊಂಡು ಬಂದು ಇಲ್ಲಿ ನೆಲೆಸಿದವು. ಚರ್ಮವು ಪಾದರಕ್ಷೆ, ಕೈಚೀಲಗಳಾಯಿತು. ಮಾಂಸವೂ ಕೊಬ್ಬೂ ಮೊಟ್ಟೆಯೂ ಮಾರಾಟವಾದವು. ಎರಡು ಮೂರು ದಶಕಗಳ ಕಾಲ ಮರಳು ರಕ್ತದಿಂದ ತೋಯ್ದಿತು. ಆ ಬೇಟೆಗಾರರು ಕ್ರೂರಿಗಳೆಂದು ತೀರ್ಪು ಕೊಡುವುದು ಸುಲಭ. ಆದರೆ ಅವರು ಕೈಯಲ್ಲಿ ಕತ್ತಿ ಹಿಡಿದದ್ದು ಮಕ್ಕಳ ಹೊಟ್ಟೆಗಾಗಿ. ಆಮೆಯ ಚರ್ಮವನ್ನು ಧರಿಸಿ ಮೆರೆದವರು ಬೇರೆಯೇ ಇದ್ದರು.

ಆಮೆಗಳ ಸಂತತಿ ಕ್ಷೀಣಿಸುತ್ತ ಬಂದಿತು. ೧೯೯೦ನೆಯ ಇಸವಿಯ ಮೇ ತಿಂಗಳಲ್ಲಿ ಮೆಕ್ಸಿಕೋ ಸರಕಾರವು ಕಡಲಾಮೆಯನ್ನು ಹಿಡಿಯುವುದನ್ನೂ ಅದರ ಮಾಂಸ, ಮೊಟ್ಟೆಗಳ ವ್ಯಾಪಾರವನ್ನೂ ಸಂಪೂರ್ಣವಾಗಿ ನಿಷೇಧಿಸಿತು. ಪ್ರಪಂಚದ ಪ್ರಾಣಿಪ್ರಿಯರು ಸಂತೋಷಪಟ್ಟರು. ಮಸುಂತೆಯ ಒಲೆಗಳು ಮಾತ್ರ ತಣ್ಣಗಾದವು. ಒಂದು ಆಜ್ಞೆಯಿಂದ ಇಡೀ ಊರು ನಿರುದ್ಯೋಗಿಯಾಯಿತು. ಆಮೆಗೆ ಜೀವದಾನ ಸಿಕ್ಕಿತು, ಮನುಷ್ಯನ ಜೀವನಕ್ಕೆ ದಾರಿ ಯಾವುದು ಎಂಬ ಪ್ರಶ್ನೆ ಮನೆಮನೆಯಲ್ಲಿಯೂ ಎದ್ದಿತು.

ಉತ್ತರವು ಒಮ್ಮೆಗೇ ದೊರೆಯಲಿಲ್ಲ. ೧೯೯೦ರ ದಶಕದಲ್ಲಿ ಮಸುಂತೆಯಲ್ಲಿಯೇ ‘ಮೆಕ್ಸಿಕೋದ ಆಮೆ ಕೇಂದ್ರ’ವನ್ನು ಸರಕಾರವು ಸ್ಥಾಪಿಸಿತು. ಅಲ್ಲಿ ಗಾಜಿನ ತೊಟ್ಟಿಗಳಲ್ಲಿ ಆಮೆಗಳನ್ನು ಸಾಕಿ ಅಧ್ಯಯನ ಮಾಡುತ್ತಾರೆ, ಜನರಿಗೆ ತೋರಿಸುತ್ತಾರೆ. ಊರಿನವರು ಕೆಲವರಿಗೆ ಅಲ್ಲಿ ಕೆಲಸ ಸಿಕ್ಕಿತು. ಅದೇ ದಶಕದಲ್ಲಿ, ಇಂಗ್ಲೆಂಡಿನ ‘ಬಾಡಿ ಶಾಪ್’ ಸಂಸ್ಥೆಯ ನೆರವಿನಿಂದ, ಸಾಬೂನು, ತೈಲ, ಲೇಪನಗಳನ್ನು ತಯಾರಿಸುವ ಸಹಕಾರ ಸಂಘವೊಂದು ಹುಟ್ಟಿತು. ತೆಂಗಿನೆಣ್ಣೆ, ಜೇನುಮೇಣ ಮೊದಲಾದ ವಸ್ತುಗಳಿಂದ ಹಳ್ಳಿಯ ಜನರೇ ಸರಕನ್ನು ಸಿದ್ಧಪಡಿಸಿ ಮಾರತೊಡಗಿದರು. ಪಕ್ಕದ ಲಾ ವೆಂತಾನಿಯಾ ಎಂಬ ಹಳ್ಳಿಯವರು ಕಾಂಡ್ಲಾ ಕಾಡಿನ ಹಿನ್ನೀರಿನಲ್ಲಿ ಮೊಸಳೆಗಳನ್ನೂ ಹಕ್ಕಿಗಳನ್ನೂ ತೋರಿಸಲು ಹುಟ್ಟುದೋಣಿಗಳನ್ನು ಹೂಡಿದರು. ಮಸುಂತೆಯವರು ಮನೆಯ ಕೋಣೆಗಳನ್ನು ಅತಿಥಿಗಳಿಗೆ ತೆರೆದರು. ಆಮೆಯನ್ನು ಕೊಂದು ಬದುಕಿದವರು ಆಮೆಯನ್ನು ತೋರಿಸಿ ಬದುಕಲು ಕಲಿತರು.

ಪ್ರಕೃತಿಯೂ ಅವರನ್ನು ಪರೀಕ್ಷಿಸದೆ ಬಿಡಲಿಲ್ಲ. ೧೯೯೭ರ ಅಕ್ಟೋಬರಿನಲ್ಲಿ ‘ಪೌಲಿನಾ’ ಎಂಬ ಚಂಡಮಾರುತವು ಈ ಕರಾವಳಿಗೆ ಅಪ್ಪಳಿಸಿ ಮನೆಗಳ ಮಾಡುಗಳನ್ನು ಹಾರಿಸಿತು. ಲಾ ವೆಂತಾನಿಯಾದ ಕಾಂಡ್ಲಾ ಕಾಡನ್ನು ಧ್ವಂಸಮಾಡಿತು. ಹಳ್ಳಿಗರು ಸಸಿಗಳನ್ನು ಬೆಳೆಸಿ ಕಾಡನ್ನು ಮತ್ತೆ ನೆಟ್ಟರು. ೨೦೨೨ರ ಮೇ ೩೦ರಂದು ‘ಅಗಾಥಾ’ ಎಂಬ ಚಂಡಮಾರುತವು ಹತ್ತಿರದಲ್ಲಿಯೇ ದಡ ಸೇರಿತು. ಮತ್ತೆ ತಾಳೆಗರಿಗಳನ್ನು ಹೊಂದಿಸಿ ಮಾಡು ಕಟ್ಟುವ ಕೆಲಸ ನಡೆಯಿತು. ಊರಿನ ಸಾಮೂಹಿಕ ಕಾರ್ಯಕ್ಕೆ ಮನೆಗೊಬ್ಬರಂತೆ ಕೂಲಿಯಿಲ್ಲದೆ ದುಡಿಯುವ ‘ತೆಕಿಯೊ’ ಎಂಬ ಪದ್ಧತಿಯು ವಹಾಕಾ ಸೀಮೆಯಲ್ಲಿ ಬಹು ಹಳೆಯದು. ಕಷ್ಟಕಾಲದಲ್ಲಿ ಇಂತಹ ಪದ್ಧತಿಗಳೇ ಹಳ್ಳಿಗಳ ಬೆನ್ನೆಲುಬು.

ಈ ತ್ಯಾಗಕ್ಕೆ ಫಲ ದೊರೆಯಿತೇ? ಮಸುಂತೆಯ ಪಶ್ಚಿಮಕ್ಕಿರುವ ಲಾ ಎಸ್ಕೋಬಿಯಾ ಎಂಬ ಮರಳು ತೀರವು ಇದಕ್ಕೆ ಉತ್ತರ ಹೇಳುತ್ತದೆ. ಆಲಿವ್ ರಿಡ್ಲೆ ಎಂಬ ಜಾತಿಯ ಕಡಲಾಮೆಗಳು ಕೆಲವೇ ರಾತ್ರಿಗಳಲ್ಲಿ ಸಾವಿರ ಸಾವಿರವಾಗಿ ಅಲ್ಲಿಗೆ ಬಂದು ಮೊಟ್ಟೆಯಿಡುತ್ತವೆ. ಒಂದೊಂದು ತಾಯಿಯೂ ಮರಳಿನಲ್ಲಿ ಗುಳಿ ತೋಡಿ ಸುಮಾರು ನೂರು ಮೊಟ್ಟೆಗಳನ್ನಿಟ್ಟು, ಮುಚ್ಚಿ, ಹಿಂದಿರುಗಿ ನೋಡದೆ ಕಡಲಿಗೆ ಹೋಗುತ್ತದೆ. ನಿಷೇಧ ಬಂದ ಮೇಲೆ ಗೂಡುಗಳ ಸಂಖ್ಯೆ ಏರುತ್ತ ಹೋಗಿ, ಕೆಲವು ವರ್ಷಗಳಲ್ಲಿ ಹತ್ತು ಲಕ್ಷವನ್ನೂ ಮೀರಿತು. ಕಡಲು ಮನುಷ್ಯನ ತಪ್ಪನ್ನು ಕ್ಷಮಿಸಬಲ್ಲುದು. ಆದರೆ ಅವನು ಕೈ ತಡೆದರೆ ಮಾತ್ರ.

ಇಷ್ಟರಿಂದ ಕಥೆ ಸುಖವಾಗಿ ಮುಗಿಯಿತೆಂದು ಹೇಳುವಂತಿಲ್ಲ. ೨೦೧೫ರಲ್ಲಿ ಸರಕಾರವು ಮಸುಂತೆಗೆ ‘ಮಾಂತ್ರಿಕ ಗ್ರಾಮ’ ಎಂಬ ಬಿರುದು ನೀಡಿತು. ೨೦೨೪ರ ಫೆಬ್ರವರಿಯಲ್ಲಿ ವಹಾಕಾ ನಗರದಿಂದ ಕರಾವಳಿಗೆ ಹೊಸ ಹೆದ್ದಾರಿ ತೆರೆಯಿತು. ಬೆಟ್ಟಗಳ ತಿರುವುಗಳಲ್ಲಿ ಆರು ಗಂಟೆಗೂ ಮಿಕ್ಕಿ ಹಿಡಿಯುತ್ತಿದ್ದ ದಾರಿ ಅರ್ಧಕ್ಕೆ ಇಳಿಯಿತು. ಅತಿಥಿಗಳು ಹೆಚ್ಚಿದರು. ಅತಿಥಿಗಳೊಡನೆ ಕಸವೂ ಹೆಚ್ಚಿತು, ಬಾಡಿಗೆಯೂ ಹೆಚ್ಚಿತು. ಹೊರಗಿನ ಹಣವಂತರ ಕಣ್ಣು ನೆಲದ ಮೇಲೆ ಬಿದ್ದಿತು. ಕಡಲಿಗೆ ಎಸೆದ ಪ್ಲಾಸ್ಟಿಕ್ ಚೀಲವನ್ನು ಆಮೆಯು ಆಹಾರವೆಂದು ನುಂಗುತ್ತದೆ. ಇನ್ನೂ ಸೂಕ್ಷ್ಮವಾದ ಅಪಾಯವೊಂದುಂಟು, ಅದು ದೀಪದ ಅಪಾಯ. ಗೂಡಿನಿಂದ ಹೊರಬಂದ ಮರಿಯು ಬೆಳಕು ಕಂಡ ಕಡೆಗೆ ನಡೆಯುತ್ತದೆ. ಸಹಜವಾದ ಕತ್ತಲೆಯಲ್ಲಿ ಕಡಲಿನ ದಿಗಂತವೇ ನೆಲಕ್ಕಿಂತ ಹೊಳಪಾಗಿರುವುದರಿಂದ ಅದು ಕಡಲನ್ನು ಸೇರುತ್ತದೆ. ದಡದ ಮೇಲೆ ಊಟದ ಮನೆಯ ದೀಪಗಳು ಝಗಝಗಿಸಿದರೆ ಮರಿಯು ದಾರಿ ತಪ್ಪಿ ಊರಿನತ್ತ ತೆವಳಿ, ಬಳಲಿ ಸಾಯುತ್ತದೆ. ಹಿಂದೆ ಕತ್ತಿಯು ಮಾಡಿದ ಕೆಲಸವನ್ನು ಇಂದು ದೀಪವು ಸದ್ದಿಲ್ಲದೆ ಮಾಡಬಲ್ಲುದು.

ಆದುದರಿಂದ ಮಸುಂತೆಯ ಜನರ ಮುಂದೆ ಹಳೆಯ ಪ್ರಶ್ನೆಯೇ ಹೊಸ ರೂಪದಲ್ಲಿ ನಿಂತಿದೆ. ಅಂದು ‘ಎಷ್ಟು ಆಮೆಗಳನ್ನು ಕೊಲ್ಲಬಹುದು?’ ಎಂಬುದಾಗಿತ್ತು, ಇಂದು ‘ಎಷ್ಟು ಅತಿಥಿಗಳನ್ನು ಕರೆಯಬಹುದು?’ ಎಂಬುದಾಗಿದೆ. ಒಂದು ದೀಪವನ್ನು ಆರಿಸಿದರೆ ನಾಲ್ಕು ಗಿರಾಕಿಗಳು ಪಕ್ಕದ ಅಂಗಡಿಗೆ ಹೋಗಬಹುದು. ನಾಲ್ಕು ತಿಂಗಳಿನ ಗಳಿಕೆಯಿಂದ ವರ್ಷವನ್ನು ಕಳೆಯಬೇಕಾದವನಿಗೆ ಅದು ಸಣ್ಣ ನಷ್ಟವಲ್ಲ. ಆದರೆ ಆಮೆಯಿಲ್ಲದ ಮಸುಂತೆಗೆ ಅತಿಥಿ ಏಕೆ ಬರಬೇಕು? ಗಂಟಲು ಕೊಯ್ದು ಒಮ್ಮೆಗೇ ಉಣ್ಣುವುದಕ್ಕಿಂತ ಹಾಲು ಕರೆದು ದಿನವೂ ಉಣ್ಣುವುದು ಲೇಸು ಎಂಬುದನ್ನು ಆ ಊರು ಒಮ್ಮೆ ಕಷ್ಟಪಟ್ಟು ಕಲಿತಿದೆ. ಕಲಿತ ಪಾಠವನ್ನು ಮರೆಯದಿರುವುದೇ ಈಗ ಅದರ ಮುಂದಿರುವ ಪರೀಕ್ಷೆ.

ಈ ಪಾಠವು ಮಸುಂತೆಯದು ಮಾತ್ರವಲ್ಲ. ಲಾ ಎಸ್ಕೋಬಿಯಾದಲ್ಲಿ ಮೊಟ್ಟೆಯಿಡುವ ಆಲಿವ್ ರಿಡ್ಲೆ ಜಾತಿಯ ಆಮೆಗಳೇ ಒಡಿಶಾದ ಗಹಿರಮಠದಲ್ಲಿಯೂ ಲಕ್ಷೋಪಲಕ್ಷವಾಗಿ ದಡ ಹತ್ತುತ್ತವೆ. ಕಾರವಾರ, ಹೊನ್ನಾವರ, ಕುಂದಾಪುರಗಳ ಮರಳಿಗೂ ಚಳಿಗಾಲದ ಇರುಳುಗಳಲ್ಲಿ ಅವು ಒಂಟಿಯಾಗಿ ಬರುತ್ತವೆ. ನಮ್ಮ ದೇಶದಲ್ಲಿಯೂ ವನ್ಯಜೀವಿ ಸಂರಕ್ಷಣಾ ಕಾಯಿದೆ ಅವುಗಳಿಗೆ ರಕ್ಷಣೆ ನೀಡಿದೆ. ನಮ್ಮ ಬೆಸ್ತರೂ ಅರಣ್ಯ ಇಲಾಖೆಯವರೊಡನೆ ಕೂಡಿ ಗೂಡುಗಳನ್ನು ಕಾಯುತ್ತಾರೆ. ನಮ್ಮ ಕಡಲತೀರಗಳಿಗೂ ಪ್ರವಾಸಿಗಳು ಬರುತ್ತಿದ್ದಾರೆ, ದೀಪಗಳು ಹೆಚ್ಚುತ್ತಿವೆ.

ಮಸುಂತೆಯಲ್ಲಿ ರಾತ್ರಿ ಹತ್ತು ಗಂಟೆಯಾಗುತ್ತದೆ. ಹೆಂಚು ತಣ್ಣಗಾಗಿದೆ, ನಾಳೆಯ ಜೋಳ ಸುಣ್ಣದ ನೀರಿನಲ್ಲಿ ನೆನೆಯುತ್ತಿದೆ. ದಡದ ಅಂಗಡಿಯವನೊಬ್ಬ ಕಡಲಿನ ಕಡೆಗಿರುವ ದೀಪವನ್ನು ಆರಿಸಿ ಬಾಗಿಲೆಳೆಯುತ್ತಾನೆ. ಕತ್ತಲೆಯಲ್ಲಿ ಕಡಲಿನಂಚು ಮಾತ್ರ ಮಸುಕಾಗಿ ಹೊಳೆಯುತ್ತದೆ. ಮರಿಗಳಿಗೆ ದಾರಿ ತೋರಿಸಲು ಅಷ್ಟು ಬೆಳಕು ಸಾಕು.

ಅಭ್ಯಾಸ

ಅ) ಒಂದು ವಾಕ್ಯದಲ್ಲಿ ಉತ್ತರಿಸಿರಿ:
೧. ಮಸುಂತೆಯು ಯಾವ ಸಾಗರದ ತೀರದಲ್ಲಿದೆ?
೨. ‘ತೆಕಿಯೊ’ ಎಂದರೇನು?
೩. ಮೆಕ್ಕೆಜೋಳವನ್ನು ಸುಣ್ಣದ ನೀರಿನಲ್ಲಿ ಬೇಯಿಸುವುದರಿಂದ ಆಗುವ ಪ್ರಯೋಜನವೇನು?

ಆ) ನಾಲ್ಕೈದು ವಾಕ್ಯಗಳಲ್ಲಿ ಉತ್ತರಿಸಿರಿ:
೧. ೧೯೯೦ರ ನಿಷೇಧದಿಂದ ಮಸುಂತೆಯ ಜನರಿಗೆ ಒದಗಿದ ಕಷ್ಟವೇನು? ಅದನ್ನು ಅವರು ಹೇಗೆ ಎದುರಿಸಿದರು?
೨. ‘ಹಿಂದೆ ಕತ್ತಿಯು ಮಾಡಿದ ಕೆಲಸವನ್ನು ಇಂದು ದೀಪವು ಸದ್ದಿಲ್ಲದೆ ಮಾಡಬಲ್ಲುದು’ – ಈ ಮಾತನ್ನು ವಿವರಿಸಿರಿ.

ಇ) ನಿಮ್ಮ ಊರಿನ ಜಾತ್ರೆಗೆ ಅಥವಾ ಪ್ರೇಕ್ಷಣೀಯ ಸ್ಥಳಕ್ಕೆ ಬರುವ ಜನರಿಂದ ಊರಿನವರಿಗೆ ಆಗುವ ಲಾಭ, ತೊಂದರೆಗಳನ್ನು ಕುರಿತು ಒಂದು ಪುಟದಷ್ಟು ಬರೆಯಿರಿ.